ಗೋಕರ್ಣದ ಕಡಲ ತೀರದಲ್ಲಿ ನಾಲ್ಕು ದಿವಸ

ಕೋಲಾರದ ಚಿನ್ನದ ಗಣಿಗಳ ಪ್ರದೇಶದಲ್ಲಿ ಚಾಂಪಿಯನ್ ರೀಫ್ಸ್ ಎಂಬುದೊಂದು ಊರು. ನಾನು ಆ ಕಡೆಯ ಶಾಲೆಯೊಂದರಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ಈಚೆಗೆ ನಿವೃತ್ತನಾದವನು. ನಮ್ಮೂರಿಗೆ ಸಮುದ್ರವಿಲ್ಲ, ಹೇಳಿಕೊಳ್ಳುವಂಥ ನದಿಯೂ ಇಲ್ಲ. ದೂರದಿಂದ ನೋಡುವವರಿಗೆ ಮರಳಿನ ದಿಬ್ಬಗಳಂತೆ ತೋರುವ ಬೂದುಬಣ್ಣದ ಗುಡ್ಡಗಳು ಮಾತ್ರ ಉಂಟು. ಅವು ಮರಳಲ್ಲ, ಕಲ್ಲನ್ನು ಅರೆದು ಚಿನ್ನವನ್ನು ತೆಗೆದುಕೊಂಡ ಬಳಿಕ ಉಳಿದ ಪುಡಿ. ಜನರು ಅವನ್ನು ಸೈನೈಡ್ ಗುಡ್ಡಗಳೆಂದು ಕರೆಯುವರು. ಇಂತಹ ಊರಿನವನು ಕಡಲತೀರದ ಊರೊಂದರ ವಿಷಯವಾಗಿ ಬರೆಯ ಹೊರಟುದು ಸಾಹಸವೆಂದು ವಾಚಕರಿಗೆ ತೋರಬಹುದು. ಆದರೆ ಬಾಯಾರಿದವನಿಗೇ ನೀರಿನ ರುಚಿ ಚೆನ್ನಾಗಿ ತಿಳಿಯುವುದಲ್ಲವೆ?

ನಾವು ಹೊರಡುವುದಕ್ಕೆ ಕಾರಣವಾದವರು ನನ್ನ ಮಾವನವರು. ಅವರು ಈಗ ಇಲ್ಲ. ಅವರು ಮೂವತ್ತು ವರ್ಷ ಗಣಿಯೊಳಗೆ ದುಡಿದವರು. ಚಾಂಪಿಯನ್ ರೀಫ್ ಗಣಿಯು ೩ ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ನಮ್ಮೂರಿನ ನೆಲವು ಸಮುದ್ರಮಟ್ಟಕ್ಕಿಂತ ಸುಮಾರು ೮೫೦ ಮೀಟರು ಎತ್ತರದಲ್ಲಿರುವುದು. ಲೆಕ್ಕ ಹಾಕಿದರೆ, ಗಣಿಯ ತಳದಲ್ಲಿ ನಿಂತ ಮನುಷ್ಯನು ಸಮುದ್ರದ ಮಟ್ಟಕ್ಕಿಂತ ೨ ಕಿಲೋಮೀಟರಿಗೂ ಕೆಳಗೆ ಇರುತ್ತಿದ್ದನೆಂದಾಯಿತು. ಅಷ್ಟು ಕೆಳಗೆ ಇಳಿದು ಹತ್ತಿದ ಆ ಮಹಾನುಭಾವರು ತಮ್ಮ ಆಯುಷ್ಯದಲ್ಲಿ ಒಮ್ಮೆಯೂ ಸಮುದ್ರವನ್ನು ಕಾಣಲಿಲ್ಲ. "ಭೂಮಿಯ ಹೊಟ್ಟೆಯನ್ನು ನೋಡಿದೆ, ಅಳಿಯಂದಿರೇ, ಅದರ ಅಂಚನ್ನು ನೋಡಲಿಲ್ಲ" ಎಂದು ಹೇಳಿಕೊಳ್ಳುತ್ತಿದ್ದರು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿಹೋದುವು. ಆ ಮೇಲೆ ಮನೆಯಲ್ಲಿ ಯಾತ್ರೆಯ ಮಾತೆತ್ತುವ ಸ್ಥಿತಿಯೇ ಇರಲಿಲ್ಲ. ಮಾವನವರ ಆಸೆಯನ್ನು ಅವರ ಮಗಳು, ಎಂದರೆ ನನ್ನ ಗೃಹಿಣಿ, ಮರೆಯದೆ ಕಾಪಾಡಿಕೊಂಡು ಬಂದಿದ್ದಳು. ಕಳೆದ ಮಾಘಮಾಸದಲ್ಲಿ ಆಕೆ, "ನನ್ನ ಮಂಡಿಗಳು ನಡೆಯುವಷ್ಟು ದಿನದೊಳಗೆ ಗೋಕರ್ಣಕ್ಕೆ ಹೋಗಿ ಅಪ್ಪನ ಹೆಸರಿನಲ್ಲಿ ಎಳ್ಳು ನೀರು ಬಿಡಿಸಿಬಿಡಿ" ಎಂದಳು. ನನ್ನ ಮಗನು ಪ್ರತಿದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂದಿರುಗುವವನು, ಅವನಿಗೆ ಬಿಡುವಿಲ್ಲ. ಹನ್ನೊಂದು ವರ್ಷದ ಮೊಮ್ಮಗನು ಮಾತ್ರ ತಾನೂ ಬರುವೆನೆಂದು ಹಟ ಹಿಡಿದನು. ಜೀವಮಾನವೆಲ್ಲ ಹುಡುಗರನ್ನು ಶಾಲೆ ತಪ್ಪಿಸಬೇಡಿರೆಂದು ಗದರಿಸಿದ ನಾನೇ ಅವನಿಂದ ಶಾಲೆ ತಪ್ಪಿಸಿದೆನು.

ಚಾಂಪಿಯನ್ ನಿಲ್ದಾಣದಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರನ್ನು ಸೇರಿ, ಅಲ್ಲಿಂದ ಕಾರವಾರಕ್ಕೆ ಹೋಗುವ ರಾತ್ರಿಯ ರೈಲಿನಲ್ಲಿ ಕುಳಿತೆವು. ಸಕಲೇಶಪುರದಾಚೆಯ ಘಟ್ಟವು ನಿದ್ರೆಯಲ್ಲಿಯೇ ಕಳೆದುಹೋಯಿತು. ಬೆಳಗಾಗುವ ಹೊತ್ತಿಗೆ ಹೊರಗಿನ ಲೋಕವೇ ಬೇರೆಯಾಗಿತ್ತು. ಕೆಂಪು ಮಣ್ಣು, ತೆಂಗಿನ ತೋಟ, ಹೆಂಚಿನ ಮನೆಗಳು. ಹೊನ್ನಾವರದಲ್ಲಿ ರೈಲು ೨ ಕಿಲೋಮೀಟರಿಗೂ ಉದ್ದವಾದ ಸೇತುವೆಯ ಮೇಲೆ ಹರಿಯತೊಡಗಿತು. ಎರಡು ಕಡೆಯೂ ನೀರು. ನನ್ನಾಕೆಯು ಕಿಟಕಿಯ ಕಂಬಿಯನ್ನು ಹಿಡಿದುಕೊಂಡು, "ಇದೇ ಸಮುದ್ರವೆ?" ಎಂದು ಕೇಳಿದಳು. "ಅಲ್ಲ, ಇದು ಶರಾವತಿ, ಸಮುದ್ರವನ್ನು ಸೇರಲು ಹೊರಟಿರುವಳು" ಎಂದೆನು. "ನದಿಯೇ ಇಷ್ಟಿದ್ದರೆ!" ಎಂದು ಆಕೆಯು ಸುಮ್ಮನಾದಳು. ಸ್ವಲ್ಪ ಹೊತ್ತಿಗೆಲ್ಲ ಗೋಕರ್ಣ ರೋಡ್ ನಿಲ್ದಾಣ ಬಂದಿತು. ಅಲ್ಲಿಂದ ಊರು ಸುಮಾರು ೧೦ ಕಿಲೋಮೀಟರು, ಆಟೋಗಳು ದೊರೆಯುವುವು.

ಗೋಕರ್ಣವು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿಗೆ ಸೇರಿದುದು. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಇವುಗಳ ನಡುವೆ ಊರು. ಇದರ ಹೆಸರು ಬಹು ಪುರಾತನವಾದುದು. ಮಹಾಭಾರತದ ವನಪರ್ವದ ತೀರ್ಥವರ್ಣನೆಯಲ್ಲಿ ಗೋಕರ್ಣವು ಬರುವುದು. ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ ನಾರದರು ದಕ್ಷಿಣ ಸಮುದ್ರದ ದಡದಲ್ಲಿರುವ ಗೋಕರ್ಣದ ಈಶ್ವರನನ್ನು ವೀಣೆಯಿಂದ ಸೇವಿಸಲು ಆಕಾಶಮಾರ್ಗದಲ್ಲಿ ಹೋಗುವರು. ಆಗಲೇ ವೀಣೆಯ ತುದಿಯ ಹೂಮಾಲೆಯು ಗಾಳಿಗೆ ಜಾರಿ ಇಂದುಮತಿಯ ಎದೆಯ ಮೇಲೆ ಬೀಳುವುದು. ಈ ಸರ್ಗವನ್ನು ನಾನು ಎಷ್ಟೋ ವರ್ಷ ಪಾಠ ಹೇಳಿರುವೆನು. ಗೋಕರ್ಣವೆಲ್ಲಿ ಎಂದು ಹುಡುಗರು ಕೇಳಿದಾಗ ಭೂಪಟದಲ್ಲಿ ಬೆರಳಿಟ್ಟು ತೋರಿಸುತ್ತಿದ್ದೆನು. ಕಾಲಿಟ್ಟುದು ಇದೇ ಮೊದಲು.

ಮೊದಲನೆಯ ದಿನವನ್ನು ದೇವಸ್ಥಾನಗಳಿಗಾಗಿ ಇಟ್ಟುಕೊಂಡೆವು. ಇಲ್ಲಿಯ ಕಥೆಯು ವಾಚಕರಿಗೆ ತಿಳಿದುದೇ. ಕೈಲಾಸದಿಂದ ಆತ್ಮಲಿಂಗವನ್ನು ತರುತ್ತಿದ್ದ ರಾವಣನು ಸಂಧ್ಯಾವಂದನೆಯ ಹೊತ್ತಾಯಿತೆಂದು ಅದನ್ನು ವಟುರೂಪದ ಗಣಪತಿಯ ಕೈಯಲ್ಲಿ ಕೊಟ್ಟನು; ಗಣಪತಿಯು ಮೂರು ಬಾರಿ ಕೂಗಿ ಅದನ್ನು ನೆಲಕ್ಕೆ ಇಳಿಸಿಬಿಟ್ಟನು; ರಾವಣನು ಬಲದಿಂದ ಎಳೆದಾಗ ಲಿಂಗವು ಹಸುವಿನ ಕಿವಿಯಂತೆ ತಿರುಚಿಕೊಂಡಿತೇ ಹೊರತು ಮೇಲಕ್ಕೆ ಬರಲಿಲ್ಲ. ಸಿಟ್ಟಿನಲ್ಲಿ ಅವನು ಗಣಪತಿಯ ತಲೆಯ ಮೇಲೆ ಗುದ್ದಿದನೆಂದು ಹೇಳುವರು. ಮಹಾಗಣಪತಿಯ ಗುಡಿಯಲ್ಲಿ ಎರಡು ಕೈಗಳುಳ್ಳ, ನಿಂತಿರುವ ಬಾಲಗಣಪತಿಯ ತಲೆಯ ಮೇಲಿನ ಗುಳಿಯನ್ನು ಈಗಲೂ ತೋರಿಸುವರು. ಮೊದಲು ಗಣಪತಿಯ ದರ್ಶನ, ಅನಂತರ ಮಹಾಬಲೇಶ್ವರನದು. ಇದು ಕ್ಷೇತ್ರದ ಪದ್ಧತಿ. ಗಂಡಸರು ಪಂಚೆಯುಟ್ಟು ಅಂಗಿಯನ್ನು ತೆಗೆದು ಒಳಗೆ ಹೋಗಬೇಕು. ತಾಮ್ರಗೌರಿಯ ಗುಡಿಯೂ, ಊರ ಬಾಗಿಲಿನಲ್ಲಿ ಕಾವಲಿರುವಂತೆ ಭದ್ರಕಾಳಿಯ ಗುಡಿಯೂ ನೋಡತಕ್ಕವು. ಶಿವರಾತ್ರಿಯು ಹತ್ತಿರವಾಗಿದ್ದುದರಿಂದ ರಥಬೀದಿಯಲ್ಲಿ ದೊಡ್ಡ ತೇರಿನ ಮಾತೇ ಮಾತು.

ಕೋಟಿತೀರ್ಥವು ಊರ ನಡುವೆ ಕಲ್ಲಿನ ಮೆಟ್ಟಿಲುಗಳಿಂದ ಕೂಡಿದ ವಿಶಾಲವಾದ ಕೊಳ. ಅದರ ದಡದಲ್ಲಿ ಪುರೋಹಿತರೊಬ್ಬರು ನಮ್ಮಿಂದ ತರ್ಪಣವನ್ನು ಬಿಡಿಸಿದರು. "ಮಾಸ್ತರೇ, ಪಿತೃವಿನ ಹೆಸರು?" ಎಂದು ಅವರು ಕೇಳಿದಾಗ ನಾನು ಮಾವನವರ ಹೆಸರನ್ನು ಹೇಳಿದೆನು. ನಮ್ಮ ಕಡೆ ಮೇಷ್ಟ್ರಾದವನು ಈ ಕಡೆ ಮಾಸ್ತರನಾಗುವನು. ಸಂಜೆ ಆಕೆಯ ಕೈ ಹಿಡಿದುಕೊಂಡು ಊರಿಗೆ ಅಂಟಿಕೊಂಡೇ ಇರುವ ದೊಡ್ಡ ತೀರಕ್ಕೆ ನಡೆಸಿದೆನು. ಅಂಗಡಿಗಳ ಸಾಲು ಮುಗಿಯಿತು, ಬೀದಿ ಮುಗಿಯಿತು, ಭೂಮಿಯೇ ಮುಗಿಯಿತು. ಆಕೆಯು ಏನನ್ನೂ ಹೇಳಲಿಲ್ಲ. ಚಪ್ಪಲಿಯನ್ನು ಕಳಚಿ, ಒದ್ದೆ ಮರಳಿನ ಮೇಲೆ ನಿಂತು, ತೆರೆಯು ಕಾಲನ್ನು ಮುಟ್ಟಿದಾಗ ಬಗ್ಗಿ ಆ ನೀರನ್ನು ಕಣ್ಣಿಗೊತ್ತಿಕೊಂಡಳು. ಆ ಮೇಲೆ, "ಅಪ್ಪನಿಗೆ ಇದನ್ನು ತೋರಿಸುವುದಕ್ಕೆ ಎಷ್ಟು ಖರ್ಚಾಗುತ್ತಿತ್ತು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮೂವರ ರೈಲಿನ ಖರ್ಚು ನಮ್ಮ ಒಂದು ತಿಂಗಳ ದಿನಸಿಯ ಖರ್ಚಿಗೆ ಸಮನಾಗಿರಲಿಲ್ಲ. ಮನೆಯಲ್ಲಿ ಹಿರಿಯರಿರುವ ಗೃಹಸ್ಥರು ಈ ಮಾತನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುವೆನು.

ಎರಡನೆಯ ದಿನವು ಮೊಮ್ಮಗನಿಗೆ ಸೇರಿದುದು. ಊರಿನ ತೀರದ ದಕ್ಷಿಣದ ಕೊನೆಯಲ್ಲಿ ಗುಡ್ಡದ ಮೇಲೆ ರಾಮತೀರ್ಥವೆಂಬ ಸಿಹಿನೀರಿನ ಒರತೆಯುಂಟು. ಉಪ್ಪು ನೀರಿನ ಪಕ್ಕದಲ್ಲಿಯೇ ಸಿಹಿ ನೀರು ಜಿನುಗುವುದನ್ನು ಕಂಡು ಹುಡುಗನು ಬೆರಗಾದನು. ಅಲ್ಲಿಂದ ದಕ್ಷಿಣಕ್ಕೆ ಒಂದರ ಹಿಂದೆ ಒಂದಾಗಿ ತೀರಗಳು ಗುಡ್ಡಗಳ ಮಡಿಲಿನಲ್ಲಿ ಅಡಗಿರುವುವು. ಮೊದಲು ಕುಡ್ಲೆ, ಆಮೇಲೆ ಓಂ ತೀರ, ಅರ್ಧಚಂದ್ರ ತೀರ, ಕೊನೆಯದಾಗಿ ಪ್ಯಾರಡೈಸ್ ಎಂದು ಪ್ರವಾಸಿಗಳು ಕರೆಯುವ ತೀರ. ಕೊನೆಯ ಎರಡಕ್ಕೆ ಕಾಲುದಾರಿಯಿಂದಲೋ ದೋಣಿಯಿಂದಲೋ ಹೋಗಬೇಕು. ಓಂ ತೀರವನ್ನು ಮರಳಿನ ಮೇಲೆ ನಿಂತು ನೋಡಿದರೆ ಅದರ ಆಕಾರವು ತಿಳಿಯದು. ಗುಡ್ಡದ ಮೇಲಿನಿಂದ ನೋಡಬೇಕು. ನಡುವೆ ಚಾಚಿಕೊಂಡಿರುವ ಬಂಡೆಗಳ ಎರಡು ಪಕ್ಕದಲ್ಲಿ ಎರಡು ಅರ್ಧವರ್ತುಲಗಳು ಕೂಡಿ ಪ್ರಣವಾಕ್ಷರದಂತೆ ತೋರುವುವು. ಪ್ರಕೃತಿಯು ಬರೆದ ಅಕ್ಷರವನ್ನು ನೋಡಿ ಮೇಷ್ಟ್ರಾದ ನಾನು ತಿದ್ದುವುದಕ್ಕೆ ಏನೂ ಕಾಣದೆ ಕೈಮುಗಿದೆನು. ಅಲ್ಲಿ ದೋಣಿ ವಿಹಾರವೂ ಉಂಟು. ಅದೃಷ್ಟವಿದ್ದರೆ ಡಾಲ್ಫಿನ್ ಮೀನುಗಳೆಂದು ನಾವು ತಪ್ಪಾಗಿ ಕರೆಯುವ, ಮರಿಗೆ ಹಾಲೂಡಿಸುವ ಆ ಕಡಲಪ್ರಾಣಿಗಳ ಬೆನ್ನು ನೀರಿನ ಮೇಲೆ ಕಾಣುವುದು. ನಮಗೆ ಎರಡು ಬಾರಿ ಕಂಡಿತು. ದೋಣಿ ಹತ್ತುವವರು ತೇಲುವ ಅಂಗಿಯನ್ನು ತೊಟ್ಟೇ ಹತ್ತಬೇಕು.

ಆ ದಿನ ಬೆಳಿಗ್ಗೆ ಕುಡ್ಲೆಯಲ್ಲಿ ನಡೆದುದನ್ನು ಮುಚ್ಚಿಡದೆ ಹೇಳಿಬಿಡುವೆನು; ಇತರರಿಗೆ ಪ್ರಯೋಜನವಾಗಬಹುದು. ಹುಡುಗನು ನೀರಿನಲ್ಲಿ ಆಡುತ್ತಿದ್ದನು. ನಾನು ದಡದಲ್ಲಿ ಕುಳಿತು ಕಾಳಿದಾಸನ ಯೋಚನೆಯಲ್ಲಿದ್ದೆನು. ತೆರೆಗಳ ಅಬ್ಬರಕ್ಕೆ ಹೆದರಿದ ಅವನು ತೆರೆಯಿಲ್ಲದೆ ಶಾಂತವಾಗಿ ಕಂಡ ಒಂದು ಕಡೆಗೆ ಸರಿದನು. ಮೊಣಕಾಲುದ್ದದ ನೀರು ಸೊಂಟಕ್ಕೆ ಬಂದಿತು. ನೋಡುತ್ತಿದ್ದಂತೆಯೇ ಅವನು ಹತ್ತು ಮಾರು ಆಚೆಗೆ ಹೋಗಿದ್ದನು. "ತಾತಾ!" ಎಂದು ಕೂಗಿದುದು ಈಗಲೂ ಕಿವಿಯಲ್ಲಿದೆ. ನಾನು ಎದ್ದು ಓಡುವಷ್ಟರಲ್ಲಿ ಬಲೆಯನ್ನು ಸರಿಪಡಿಸುತ್ತಿದ್ದ ವಯಸ್ಸಾದ ಮೀನುಗಾರರೊಬ್ಬರು ಕೈಲಿದ್ದುದನ್ನು ಬಿಸುಟು ನೀರಿಗೆ ಧುಮುಕಿದರು. ಹುಡುಗನನ್ನು ತೋಳಿನಲ್ಲಿ ಹಿಡಿದು, ನೇರವಾಗಿ ದಡಕ್ಕೆ ಬಾರದೆ, ದಡದ ಗುಂಟ ಓರೆಯಾಗಿ ಈಜಿ, ತೆರೆ ಒಡೆಯುವ ಕಡೆಗೆ ತಂದು ನಿಲ್ಲಿಸಿದರು. ಹುಡುಗನು ಸ್ವಲ್ಪ ಉಪ್ಪು ನೀರು ಕುಡಿದಿದ್ದನು, ಬೇರೆ ಅಪಾಯವಾಗಿರಲಿಲ್ಲ. ನಾನು ಮಾತು ಬಾರದೆ ಅವರ ಕೈಗಳನ್ನು ಹಿಡಿದುಕೊಂಡೆನು.

"ಮಾಸ್ತರೇ, ತೆರೆ ಒಡೆಯುವ ಕಡೆ ಅಷ್ಟು ಹೆದರಿಕೆಯಿಲ್ಲ. ತೆರೆಯಿಲ್ಲದೆ ಸುಮ್ಮನಿರುವ ಕಡೆಯೇ ಹೆದರಬೇಕು" ಎಂದರು ಅವರು. ಕಾರಣವನ್ನೂ ವಿವರಿಸಿದರು. ತೆರೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕಷ್ಟೆ. ಅದು ಇಕ್ಕಟ್ಟಾದ ಓಣಿಯೊಂದನ್ನು ಮಾಡಿಕೊಂಡು ಕಡಲಿಗೆ ಹಿಂದಿರುಗುವುದು. ಆ ಓಣಿಯಲ್ಲಿ ತೆರೆಯು ಏಳುವುದು ಕಡಿಮೆ. ಮೇಲೆ ಶಾಂತಿ, ಒಳಗೆ ಸೆಳೆತ. ಅದಕ್ಕೆ ಸಿಕ್ಕಿದವನು ದಡದ ಕಡೆಗೇ ಈಜಿದರೆ ಬಳಲಿ ಮುಳುಗುವನು. ಗಾಬರಿಪಡದೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಓಣಿಯಿಂದ ಪಾರಾಗಿ ತೆರೆಗಳೊಡನೆ ದಡವನ್ನು ಸೇರಬಹುದು. ನಾನು ನಲವತ್ತು ವರ್ಷ ಪಾಠ ಹೇಳಿದವನು. ಇಷ್ಟು ಸ್ಪಷ್ಟವಾಗಿ ಪಾಠ ಹೇಳಿದೆನೆಂದು ಧೈರ್ಯವಾಗಿ ಹೇಳಲಾರೆನು. ಹಣವನ್ನು ಕೊಡಹೋದರೆ ಆ ಹಿರಿಯರು ತೆಗೆದುಕೊಳ್ಳಲಿಲ್ಲ. "ನಾಳೆ ಸಾಣಿಕಟ್ಟೆಯ ಕಡೆ ಹೋಗಿ ನೋಡಿ, ಹುಡುಗನಿಗೆ ಕಡಲಿನ ಒಳ್ಳೆಯ ಗುಣವೂ ತಿಳಿಯಲಿ" ಎಂದರು. ಜೀವರಕ್ಷಕರು ಇರುವ ಕಡೆಯಲ್ಲಿಯೇ, ಅವರು ಅನುಮತಿಸಿದಷ್ಟು ದೂರಕ್ಕೆ ಮಾತ್ರ ನೀರಿಗಿಳಿಯಿರಿ. ಮಕ್ಕಳು ನೀರಿನಲ್ಲಿರುವಾಗ ಹಿರಿಯರು ಕಾಳಿದಾಸನನ್ನು ಮರೆಯಿರಿ. ಮಳೆಗಾಲದ ನಾಲ್ಕು ತಿಂಗಳು ಇಲ್ಲಿ ಕಡಲಿಗಿಳಿಯುವ ಮಾತೇ ಬೇಡ.

ಹಾಗಾಗಿ ಮೂರನೆಯ ದಿನ ಸಾಣಿಕಟ್ಟೆಗೆ ಹೋದೆವು. ಗೋಕರ್ಣಕ್ಕೆ ಬಂದವರಲ್ಲಿ ಹೆಚ್ಚಿನವರು ಇದನ್ನು ನೋಡದೆ ಹಿಂದಿರುಗುವರೆಂಬುದು ಖೇದದ ಸಂಗತಿ. ಅಘನಾಶಿನಿಯ ಅಳಿವೆಯ ಪಕ್ಕದಲ್ಲಿ ಉಪ್ಪಿನ ಆಗರಗಳು ಗಾಜಿನ ಹಲಗೆಗಳನ್ನು ಹಾಸಿದಂತೆ ಹಬ್ಬಿರುವುವು. ಉಬ್ಬರದ ಕಾಲದಲ್ಲಿ ಏರಿ ಬಂದ ಉಪ್ಪು ನೀರನ್ನು ಒಳಗೆ ಬಿಟ್ಟುಕೊಂಡು, ಬಿಸಿಲಿನಲ್ಲಿ ಗಟ್ಟಿಯಾಗಿಸಿ, ಚೌಕವಾದ ಮಡಿಗಳಿಗೆ ಹಾಯಿಸುವರು. ನೀರು ಆವಿಯಾದಂತೆ ಹರಳು ಕಟ್ಟುವುದು. ಉದ್ದನೆಯ ಹಿಡಿಯ ಮರದ ಹಲಗೆಯಿಂದ ಅದನ್ನು ಎಳೆದು ರಾಶಿ ಹಾಕುವರು. ಬಿಸಿಲೂ ಗಾಳಿಯೂ ಇಲ್ಲಿಯ ಕಾರ್ಖಾನೆ. ಉಪ್ಪು ಸ್ವಲ್ಪ ಕಂದು ಬಣ್ಣದ್ದು. ಗಂಗಾವಳಿಯ ಆಚೆಗಿರುವ ಅಂಕೋಲೆಯಲ್ಲಿ ೧೯೩೦ನೆಯ ಇಸವಿ ಏಪ್ರಿಲ್ ೧೩ರಂದು ಜನರು ಕಡಲ ನೀರಿನಿಂದ ಉಪ್ಪು ಮಾಡಿ ಸರಕಾರದ ಕಾಯಿದೆಯನ್ನು ಮುರಿದುದನ್ನು ನಾನು ಆ ದಡದಲ್ಲಿ ನಿಂತು ಹುಡುಗನಿಗೆ ಹೇಳಿದೆನು.

ಹುಡುಗನು ಒಂದು ಹರಳನ್ನು ನಾಲಿಗೆಯ ಮೇಲಿಟ್ಟುಕೊಂಡು ಕೇಳಿದನು: "ತಾತ, ಇವರು ಪ್ರತಿ ವರ್ಷವೂ ಉಪ್ಪು ತೆಗೆಯುತ್ತಾರಲ್ಲ, ಇದು ಮುಗಿಯುವುದಿಲ್ಲವೆ?"

ಚಾಂಪಿಯನ್ ರೀಫ್ಸಿನಲ್ಲಿ ಹುಟ್ಟಿದ ಮಗುವಿಗೆ ಮಾತ್ರ ಇಂತಹ ಪ್ರಶ್ನೆ ಹೊಳೆಯುವುದು. ನಮ್ಮ ಗಣಿಗಳಲ್ಲಿ ನೂರಿಪ್ಪತ್ತು ವರ್ಷ ಅಗೆದರು. ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪಾದಿಸಿದ ವಿದ್ಯುಚ್ಛಕ್ತಿಯು ೧೯೦೨ರಲ್ಲಿಯೇ ನಮ್ಮಲ್ಲಿಗೆ ಬಂದಿತು. ಊರು ಬೆಳಗಿತು. ಕೊನೆಗೆ ಒಂದು ಟನ್ನು ಕಲ್ಲನ್ನು ಅರೆದರೆ ಕೆಲವೇ ಗ್ರಾಮು ಚಿನ್ನ ಸಿಕ್ಕುವ ಸ್ಥಿತಿಗೆ ಇಳಿಯಿತು, ಖರ್ಚು ಹುಟ್ಟಲಿಲ್ಲ, ಮುಚ್ಚಿದರು. ಚಿನ್ನವು ಎಲ್ಲಿಯೋ ಯಾರ ಕೊರಳಿನಲ್ಲಿಯೋ ಇರುವುದು. ಪುಡಿಯ ಗುಡ್ಡಗಳು ನಮ್ಮಲ್ಲಿ ಉಳಿದಿರುವುವು. "ಇದು ಮುಗಿಯುವುದಿಲ್ಲ ಮಗು, ಕಡಲು ದಿನಕ್ಕೆ ಎರಡು ಬಾರಿ ತಾನೇ ತಂದು ಕೊಡುವುದು" ಎಂದೆನು. ಆದರೆ ಮಾತು ಮುಗಿಸಿದ ಮೇಲೆ ನನಗೇ ಸಂದೇಹವಾಯಿತು.

ಅಘನಾಶಿನಿಯು ಅಣೆಕಟ್ಟುಗಳಿಲ್ಲದೆ ಸಮುದ್ರವನ್ನು ಸೇರುವ ನದಿ. ಅದರ ಅಳಿವೆಯಲ್ಲಿ ಜನರು ಸೊಂಟದುದ್ದದ ನೀರಿನಲ್ಲಿ ನಿಂತು ಬಳಚನ್ನು ಆರಿಸುವುದನ್ನು ಕಂಡೆವು. ಗಜನಿ ಎಂದು ಕರೆಯುವ ಹಿನ್ನೀರಿನ ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪನ್ನು ಸಹಿಸುವ ಕಗ್ಗವೆಂಬ ಭತ್ತವನ್ನು ಬೆಳೆಯುವರು. ಕೊಯಿಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಒಂದೇ ನೀರು ಅನ್ನವನ್ನೂ ಮೀನನ್ನೂ ಉಪ್ಪನ್ನೂ ಕೊಡುವುದು. ಈ ಅಳಿವೆಯನ್ನು ೨೦೨೪ರಲ್ಲಿ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ, ಎಂದರೆ ಲೋಕಕ್ಕೆಲ್ಲ ಮಹತ್ವವುಳ್ಳ ಜೌಗುಪ್ರದೇಶಗಳ ಪಟ್ಟಿಗೆ, ಸೇರಿಸಿದರು. ತದಡಿಯ ಮೀನುಗಾರಿಕೆಯ ಬಂದರಿನಲ್ಲಿ ನಿಂತು ಎದುರು ದಡವನ್ನು ನೋಡುತ್ತ ಒಂದು ಗಂಟೆಯನ್ನು ಕಳೆಯುವುದು ಯಾವ ವಿಹಾರಕ್ಕೂ ಕಡಿಮೆಯಲ್ಲ. ಮಧ್ಯಾಹ್ನದ ಊಟದಲ್ಲಿ ಅಪ್ಪೆಹುಳಿಯೂ ತಂಬುಳಿಯೂ ಇದ್ದುವು. ಬಿಸಿಲಿಗೆ ಮುರುಗಲ ಹಣ್ಣಿನ ಪಾನಕ. ಇವು ಈ ಸೀಮೆಯ ಔದಾರ್ಯ, ಬಂದವರು ಬಿಡಬಾರದು.

ನನ್ನ ಸಂದೇಹವೇನೆಂದರೆ, ನೀರು ತಾನಾಗಿ ಬರುವುದು ನಿಜ. ಆದರೆ ದಡವು ಹಾಳಾದರೆ ಅದನ್ನು ತಂದುಕೊಡುವವರಾರು? ಕೆಲವು ದಶಕಗಳಿಂದ ದೇಶವಿದೇಶಗಳ ಜನರು ಇಲ್ಲಿಗೆ ಬರುತ್ತಿರುವರು. ಅದರಿಂದ ಊರಿನವರಿಗೆ ಜೀವನವಾಗಿರುವುದು, ಬೇಡವೆನ್ನುವುದು ಅನ್ಯಾಯ. ಆದರೆ ಮರಳಿನಲ್ಲಿ ಒಡೆದ ಬಾಟಲಿಗಳೂ ಪ್ಲಾಸ್ಟಿಕ್ಕಿನ ಚೀಲಗಳೂ ನನ್ನ ಕಾಲಿಗೆ ಸಿಕ್ಕಿದುವು. ಪ್ರವಾಸಿಯು ಗಣಿಗಾರನಂತೆ ಬಂದು ಬೇಕಾದುದನ್ನು ತೆಗೆದುಕೊಂಡು ಪುಡಿಯನ್ನು ಬಿಟ್ಟು ಹೋದರೆ ಗೋಕರ್ಣಕ್ಕೂ ನಮ್ಮೂರಿಗೂ ಭೇದವುಳಿಯದು. ತೀರ್ಥಯಾತ್ರೆಗೆ ಬಂದವರೂ ನಿರ್ದೋಷಿಗಳಲ್ಲ. ಪೂಜೆಯ ಹೂವನ್ನು ಚೀಲದೊಡನೆಯೇ ಕಡಲಿಗೆ ಎಸೆಯುವ ಭಕ್ತರನ್ನು ಕಂಡೆನು. ಕಡಲು ಎಲ್ಲವನ್ನೂ ಹಿಂದಕ್ಕೆ ತಂದು ನಮ್ಮ ಪಾದದ ಬಳಿಯಲ್ಲಿಯೇ ಇಡುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಮಿರ್ಜಾನ ಕೋಟೆಯನ್ನು ನೋಡಿದೆವು. ಗೋಕರ್ಣದಿಂದ ಸುಮಾರು ೨೦ ಕಿಲೋಮೀಟರು. ಕೆಂಪು ಜಂಬಿಟ್ಟಿಗೆಯ ಗೋಡೆಗಳು, ಬಾವಿಗಳು, ಕಂದಕ. ಪೋರ್ತುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಈ ಕೋಟೆಯೊಡನೆ ಸೇರಿರುವುದು. ಮೆಣಸಿನ ವ್ಯಾಪಾರದ ವೈಭವವೆಲ್ಲ ಅಳಿದು ಈಗ ಗೋಡೆಯ ಮೇಲೆ ಹುಲ್ಲು ಬೆಳೆದಿರುವುದು. ಮೆಣಸಿನ ಬಳ್ಳಿಯು ಮಾತ್ರ ಈ ಸೀಮೆಯ ತೋಟಗಳಲ್ಲಿ ಇಂದಿಗೂ ಹಬ್ಬುತ್ತಿದೆ.

ಸಂಜೆ ರೈಲಿಗೆ ಹೊರಡುವ ಮುಂಚೆ ಮತ್ತೊಮ್ಮೆ ಊರಿನ ತೀರಕ್ಕೆ ಹೋದೆವು. ಹುಡುಗನು ನೀರಿಗೆ ಇಳಿಯಲಿಲ್ಲ; ನಾನು ತಡೆದುದರಿಂದಲ್ಲ. ಅವನು ಒಂದು ಹಳೆಯ ಗೋಣಿಚೀಲವನ್ನು ಎಲ್ಲಿಂದಲೋ ತಂದು ಮರಳಿನಲ್ಲಿದ್ದ ಬಾಟಲಿಗಳನ್ನು ಆಯತೊಡಗಿದ್ದನು. "ಯಾರು ಹೇಳಿದರಪ್ಪ?" ಎಂದೆನು. "ಆ ಅಜ್ಜ ನಮ್ಮಿಂದ ದುಡ್ಡು ತೆಗೆದುಕೊಳ್ಳಲಿಲ್ಲವಲ್ಲ ತಾತ" ಎಂದನು. ನಾನೂ ಸೊಂಟವನ್ನು ಬಗ್ಗಿಸಿ ನಾಲ್ಕನ್ನು ಆಯ್ದೆನು. ನನ್ನಾಕೆಯು ಮಂಡಿನೋವಿನ ದೆಸೆಯಿಂದ ಕುಳಿತಲ್ಲಿಂದಲೇ ಕೈಗೆ ನಿಲುಕಿದುದನ್ನು ಹೆಕ್ಕಿ ಕೊಟ್ಟಳು. ಚೀಲವು ತುಂಬುವ ಹೊತ್ತಿಗೆ ಸೂರ್ಯನು ಕಡಲಿನ ಅಂಚನ್ನು ಮುಟ್ಟಿದ್ದನು. ಆಕೆಯು ಎದ್ದು ನಿಂತು ಆ ಕಡೆಗೆ ಕೈ ಮುಗಿದಳು.

ಮನೆಗೆ ಬಂದ ಮೇಲೆ ಸಾಣಿಕಟ್ಟೆಯಿಂದ ತಂದ ಒಂದು ಸೇರು ಉಪ್ಪನ್ನು ಆಕೆಯು ನೆರೆಹೊರೆಯವರಿಗೆಲ್ಲ ಸ್ವಲ್ಪ ಸ್ವಲ್ಪ ಹಂಚಿದಳು. ಒಂದು ಚಿಟಿಕೆಯನ್ನು ಮಾವನವರ ಪಟದ ಮುಂದೆ ಇಟ್ಟಿರುವಳು. ಮಳೆಗಾಲದಲ್ಲಿ ಅದು ಕರಗಿ ನೀರಾಗುವುದೆಂದು ನಾನು ಹೇಳಿದೆನು. "ಆಗಲಿ, ಮುಂದಿನ ಮಾಘಕ್ಕೆ ಮತ್ತೆ ತಂದರಾಯಿತು" ಎಂದಳು.